ಲಿನಕ್ಸ್ ಡೆಸ್ಕ್‌ಟಾಪಿಗೆ ಸಣ್ಣ ಕಾರ್ಡ್: ಮಲೆನಾಡಿಗೆ ಜಿಟಿ 1030 ಬೇಡ, ಆರ್‌ಎಕ್ಸ್ 550 ಇರಲಿ

ಶಿವಮೊಗ್ಗದ ಡಿಟಿಪಿ ಅಂಗಡಿಯಿಂದ ಹಿಡಿದು ತೀರ್ಥಹಳ್ಳಿಯ ಅಡಿಕೆ ಮಂಡಿಯ ಲೆಕ್ಕದ ಮೇಜಿನವರೆಗೆ, ಸೆಕೆಂಡ್ ಹ್ಯಾಂಡ್ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್ ಕಂಪ್ಯೂಟರ್ ಡಬ್ಬಿಗಳಿಗೆ ಇನ್ನೂ ಬೇಕಾದಷ್ಟು ಕೆಲಸ ಇದೆ. 6ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇರುವಂಥವನ್ನು ವಿಂಡೋಸ್ 11 ಒಪ್ಪುವುದಿಲ್ಲ. ಹಾಗಾಗಿ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ. ಅದನ್ನು ಹಾಕಿದ ಮೇಲೆ ವಿಡಿಯೊ ತಡವರಿಸಿದರೆ ಕಡಿಮೆ ದುಡ್ಡಿಗೆ ಸಿಗುವ ಗ್ರಾಫಿಕ್ಸ್ ಕಾರ್ಡ್ ಎರಡು: ಎನ್ವಿಡಿಯಾ ಜಿಟಿ 1030 ಮತ್ತು ಎಎಂಡಿ ಆರ್‌ಎಕ್ಸ್ 550. ಒಂದು 30 ವ್ಯಾಟ್, ಇನ್ನೊಂದು 50. ಎರಡಕ್ಕೂ ಸಾಮಾನ್ಯವಾಗಿ ಬೇರೆ ಪವರ್ ಕೇಬಲ್ ಬೇಡ. ಸಣ್ಣ ಡಬ್ಬಿಗಾದರೆ ಲೋ ಪ್ರೊಫೈಲ್ ಬ್ರಾಕೆಟ್ ಜೊತೆಗಿದೆಯೇ ಎಂದು ಕೇಳಿಯೇ ತನ್ನಿ.

ದುಡ್ಡು ಬಿಚ್ಚುವ ಮೊದಲು ಮೆಸಾ-ಯುಟಿಲ್ಸ್ ಪ್ಯಾಕೇಜ್ ಹಾಕಿ, ಟರ್ಮಿನಲ್‌ನಲ್ಲಿ 'ಜಿಎಲ್‌ಎಕ್ಸ್‌ಇನ್ಫೊ -ಬಿ' (glxinfo -B) ಓಡಿಸಿ. ರೆಂಡರರ್ ಸಾಲಿನಲ್ಲಿ 'ಎಲ್‌ಎಲ್‌ವಿಎಂಪೈಪ್' ಎಂದು ಬಂದರೆ ಗ್ರಾಫಿಕ್ಸ್ ಚಿಪ್ ಸುಮ್ಮನೆ ಕೂತಿದೆ, ಪರದೆಯನ್ನೆಲ್ಲ ಸಿಪಿಯು ಬರೆಯುತ್ತಿದೆ ಎಂದರ್ಥ. ಇನ್‌ಸ್ಟಾಲ್ ಮಾಡುವಾಗ ಗ್ರಬ್‌ಗೆ (ಬೂಟ್ ಮೆನುವಿಗೆ) ಸೇರಿಸಿದ 'ನೊಮೋಡ್‌ಸೆಟ್' ಹಾಗೇ ಉಳಿದಿದ್ದರೂ ಹೀಗಾಗುತ್ತದೆ. ಅದನ್ನು ತೆಗೆದು 'ಸುಡೊ ಅಪ್‌ಡೇಟ್-ಗ್ರಬ್' ಕೊಟ್ಟು ರೀಬೂಟ್ ಮಾಡಿದರೆ ಮುಗಿಯಿತು, ಕಾರ್ಡಿನ ಮಾತೇ ಇಲ್ಲ. ಇನ್ನೊಂದು, ರ್‍ಯಾಮ್. ಒಳಗಿನ ಇಂಟೆಲ್ ಗ್ರಾಫಿಕ್ಸ್ ರ್‍ಯಾಮನ್ನೇ ಹಂಚಿಕೊಳ್ಳುವುದರಿಂದ 8 ಜಿಬಿಯ ಒಂದೇ ಸ್ಟಿಕ್ ಇದ್ದರೆ ಅದರ ದಾರಿ ಅರ್ಧ. ಡಿಡಿಆರ್4-2133ರ ಒಂದು ಸ್ಟಿಕ್ ಸೆಕೆಂಡಿಗೆ ಸುಮಾರು 17 ಜಿಬಿ ಸಾಗಿಸುತ್ತದೆ, ಜೋಡಿ ಹಾಕಿದರೆ 34. ಲಗ್ನಪತ್ರಿಕೆ ವಿನ್ಯಾಸ, ಬ್ರೌಸರ್, ಲೆಕ್ಕಪತ್ರ ಇಷ್ಟೇ ಆದರೆ ಎರಡನೇ ಸ್ಟಿಕ್ಕೇ ಸಾಕು.

ಜಿಟಿ 1030ರಲ್ಲಿ ಎರಡು ಬಗೆ ಇವೆ, ಹೆಸರು ಒಂದೇ. ಜಿಡಿಡಿಆರ್5 ಇರುವುದಕ್ಕೆ ಸೆಕೆಂಡಿಗೆ 48 ಜಿಬಿ ಮೆಮೊರಿ ವೇಗ. 2018ರಲ್ಲಿ ಬಂದ ಡಿಡಿಆರ್4 ಬಗೆಗೆ ಬರೀ 16.8. ಅಂದರೆ ಮೇಲೆ ಹೇಳಿದ ಒಂಟಿ ಸ್ಟಿಕ್‌ನಷ್ಟೇ! ಪೆಟ್ಟಿಗೆಯ ಮೇಲೆ 'ಡಿ4' ಕಂಡರೆ ಅಲ್ಲೇ ಬಿಟ್ಟು ಬನ್ನಿ.

ಜಿಡಿಡಿಆರ್5ದೇ ಸಿಕ್ಕಿತು ಅನ್ನಿ, ಡ್ರೈವರ್ ತಲೆನೋವು ತಪ್ಪುವುದಿಲ್ಲ. ಮಿಂಟ್ ಜೊತೆಗೇ ಬರುವ ನೂವೊ ಡ್ರೈವರ್ ಈ ಕಾರ್ಡಿನ ಪಾಸ್ಕಲ್ ಚಿಪ್‌ನ ಕ್ಲಾಕ್ (ಓಟದ ವೇಗ) ಏರಿಸಲಾರದು. ಅದಕ್ಕೆ ಬೇಕಾದ ಸಹಿಯುಳ್ಳ ಫರ್ಮ್‌ವೇರನ್ನು ಎನ್ವಿಡಿಯಾ ಕೊಟ್ಟಿಲ್ಲ. ಎನ್ವಿಡಿಯಾದ ಸ್ವಂತ ಡ್ರೈವರೇ ಗತಿ, ಅದರಲ್ಲೂ ಪಾಸ್ಕಲ್‌ಗೆ 580 ಸರಣಿಯೇ ಕೊನೆ. ಡ್ರೈವರ್ ಮ್ಯಾನೇಜರ್‌ನಲ್ಲಿ 'ಓಪನ್' ಎಂದು ಬಾಲ ಇರುವುದನ್ನು ಆರಿಸಬೇಡಿ, ಅದು ಪಾಸ್ಕಲ್‌ಗಿಂತ ಹೊಸದಾದ ಟ್ಯೂರಿಂಗ್ ಮತ್ತು ಅದರ ನಂತರದ ಚಿಪ್‌ಗಳಿಗೆ ಮಾತ್ರ. ಸೆಕ್ಯೂರ್ ಬೂಟ್ (ಸಹಿಯಿಲ್ಲದ ಡ್ರೈವರನ್ನು ತಡೆಯುವ ಏರ್ಪಾಡು) ಆನ್ ಇದ್ದರೆ ರೀಬೂಟ್‌ನಲ್ಲಿ ನೀಲಿ ಪರದೆ ಬರುತ್ತದೆ. 'ಎನ್‌ರೋಲ್ ಮೋಕ್' ಒತ್ತಿ, ಇನ್‌ಸ್ಟಾಲ್ ವೇಳೆ ಕೊಟ್ಟ ಪಾಸ್‌ವರ್ಡ್ ಹಾಕಬೇಕು. ಕೆಲವೇ ಸೆಕೆಂಡು ಕಾದು ಅದು ಹೋಗಿಬಿಡುತ್ತದೆ. ತಪ್ಪಿಸಿಕೊಂಡರೆ ಡ್ರೈವರ್ ಲೋಡ್ ಆಗುವುದಿಲ್ಲ, 'ಎನ್ವಿಡಿಯಾ-ಎಸ್‌ಎಂಐ' ಕಮಾಂಡ್ ಓಡಿಸಿದರೆ ಡ್ರೈವರ್ ಜೊತೆ ಮಾತಾಡಲಾಗಲಿಲ್ಲ ಎಂದು ದೂರುತ್ತದೆ.

ನಮ್ಮ ಕಡೆ ನಿಜವಾದ ತೊಂದರೆ ಮಳೆಗಾಲದಲ್ಲಿ. ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದಾಗಲೆಲ್ಲ ಡಿಕೆಎಂಎಸ್ ಎಂಬ ಸಾಧನ ಈ ಡ್ರೈವರನ್ನು ಹೊಸದಾಗಿ ಕಟ್ಟುತ್ತದೆ. ಆ ಹೊತ್ತಿಗೇ ಕರೆಂಟ್ ಹೋದರೆ (ಆಗುಂಬೆ ಘಾಟಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ) ಮಾಡ್ಯೂಲ್ ಅರ್ಧಕ್ಕೆ ನಿಂತು, ಮುಂದಿನ ಬೂಟ್‌ಗೆ ಕಪ್ಪು ಪರದೆ. ಗ್ರಬ್‌ನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಿಂದಿನ ಕರ್ನಲ್ ಆರಿಸಿ ಒಳಗೆ ಹೋಗಿ. 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' (sudo dpkg --configure -a) ಕೊಟ್ಟು, ಆಮೇಲೆ 'ಸುಡೊ ಡಿಕೆಎಂಎಸ್ ಆಟೊಇನ್‌ಸ್ಟಾಲ್ -ಕೆ' (sudo dkms autoinstall -k) ಮುಂದೆ ಹೊಸ ಕರ್ನಲ್‌ನ ಆವೃತ್ತಿ ಬರೆಯಿರಿ. ಅದನ್ನು ಬರೆಯದಿದ್ದರೆ ಈಗ ಓಡುತ್ತಿರುವ ಹಳೇ ಕರ್ನಲ್‌ಗೇ ಕಟ್ಟುತ್ತದೆ. ಹೊಸ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ ಇಲ್ಲದಿದ್ದರೆ ಇದೂ ನಡೆಯದು. ಯುಪಿಎಸ್ ಇಲ್ಲದ ಮೇಜಿಗೆ ಈ ಕಾರ್ಡ್ ಸರಿಹೋಗದು.

ಆರ್‌ಎಕ್ಸ್ 550ಗೆ ಈ ರಗಳೆ ಇಲ್ಲ. ಎಎಂಡಿಜಿಪಿಯು ಡ್ರೈವರ್ ಕರ್ನಲ್ ಒಳಗೇ ಇದೆ, ಉಳಿದದ್ದು ಮಿಂಟ್ ಜೊತೆಗೇ ಬರುವ ಮೆಸಾ ಎಂಬ ಗ್ರಾಫಿಕ್ಸ್ ತಂತ್ರಾಂಶದಲ್ಲಿ. ಕಾರ್ಡ್ ಹಾಕಿ, ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿನಿಂದ ಕಾರ್ಡಿಗೆ ಬದಲಿಸಿ, ಆನ್ ಮಾಡಿ. ಡೌನ್‌ಲೋಡ್ ಇಲ್ಲ, ನೆಟ್‌ವರ್ಕ್ ಕುಂಟುವ ಹೊಸನಗರದ ಹಳ್ಳಿಗಳಿಗೆ ಅದೇ ದೊಡ್ಡ ಉಪಕಾರ.

ಕೊರತೆ ಇಲ್ಲದ್ದೇನಲ್ಲ. ಈ ಕಾರ್ಡಿನ ಪೊಲಾರಿಸ್ ಚಿಪ್‌ಗೆ ವಿಪಿ9 ಎಂಬ ವಿಡಿಯೊ ಬಗೆಯ ಡಿಕೋಡ್ ಬರುವುದಿಲ್ಲ, ಯೂಟ್ಯೂಬ್ ಕೊಡುವುದು ಹೆಚ್ಚಾಗಿ ಅದನ್ನೇ. ಕಾರ್ಡ್ ಹಾಕಿದ ಮೇಲೂ ಸಿಪಿಯು ಬಿಸಿಯಾಗುವುದು ಇದಕ್ಕೇ. ಯೂಟ್ಯೂಬ್‌ನಿಂದ ವಿಪಿ9 ಬದಲು ಎಚ್264 ತರಿಸುವ 'ಎಚ್264ಇಫೈ' ಎಕ್ಸ್‌ಟೆನ್ಷನ್ನನ್ನು ಫೈರ್‌ಫಾಕ್ಸ್‌ಗೆ ಹಾಕಿದರೆ 1080ಪಿವರೆಗೆ ಸಮಸ್ಯೆ ಇಲ್ಲ. 4ಕೆ ಆಸೆ ಬಿಡಿ. ಈ ಒಂದು ವಿಷಯದಲ್ಲಿ ಜಿಟಿ 1030 ಚಿಪ್ಪೇ ಮೇಲು, ಆದರೆ ಫೈರ್‌ಫಾಕ್ಸ್‌ನಲ್ಲಿ ಅದರ ಫಲ ಸಿಗಲು ಎನ್ವಿಡಿಯಾ-ವಿಎಎಪಿಐ-ಡ್ರೈವರ್ ಎಂಬ ಇನ್ನೊಂದು ಪ್ಯಾಕೇಜ್ ಬೇಕು.

ಹಳೇ ಆರ್‌ಎಕ್ಸ್ 550 ಕೊಳ್ಳುವವರು ಅಂಗಡಿಯಲ್ಲೇ 'ಎಲ್‌ಎಸ್‌ಪಿಸಿಐ' ಓಡಿಸಿ ನೋಡಿ: ಚಿಪ್ಪಿನ ಹೆಸರು 'ಲೆಕ್ಸಾ' ಅಥವಾ 'ಪೊಲಾರಿಸ್12' ಎಂದು ಬರಬೇಕು, 640 ಕೋರ್‌ನ ಬಗೆಯಾದರೆ 'ಬ್ಯಾಫಿನ್'. ಅರ್ಧ ಗಂಟೆ ವಿಡಿಯೊ ಓಡಿಸಿದ ಮೇಲೆ 'ಜರ್ನಲ್‌ಸಿಟಿಎಲ್ -ಕೆ'ಯಲ್ಲಿ 'ರಿಂಗ್ ಜಿಎಫ್‌ಎಕ್ಸ್ ಟೈಮ್‌ಔಟ್' ಕಂಡರೆ ವಾಪಸ್ ಕೊಡಿ. ಮಳೆಗಾಲ ಕಳೆದ ಮೇಲೆ ಪರದೆಯೇ ಬಾರದಿದ್ದರೆ ಮಾತ್ರ ಡ್ರೈವರನ್ನು ಬೈಯುವ ಮೊದಲು ಪ್ಲಗ್ ಕಿತ್ತು, ಕಾರ್ಡ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿಸಿ ಮತ್ತೆ ಗಟ್ಟಿಯಾಗಿ ಕೂರಿಸಿ ನೋಡಿ.