ಎಚ್‌ಐವಿ ಚಿಕಿತ್ಸೆ: ತುಮಕೂರಿನಲ್ಲೋ, ಬೆಂಗಳೂರಿನಲ್ಲೋ?

ಪರಿಚಿತರ ಕಣ್ಣಿಗೆ ಬೀಳುವ ಭಯದಿಂದ ಬೆಂಗಳೂರಿನ ಖಾಸಗಿ ವೈದ್ಯರ ಬಳಿಗೆ ಹೋಗಬೇಕೆನಿಸುವುದು ಸಹಜ. ಆದರೆ ಮಾತ್ರೆ, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣದ) ಪರೀಕ್ಷೆ, ಓಡಾಟದ ಖರ್ಚು ಜೀವನಪೂರ್ತಿ ನಿಮ್ಮ ಮೇಲೆಯೇ. ತುಮಕೂರು ಜಿಲ್ಲಾಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಔಷಧ ಚಿಕಿತ್ಸೆ) ಕೇಂದ್ರದಲ್ಲಿ ಸರದಿ ಕಾಯಬೇಕು, ನಿಜ. ಆದರೆ ಮಾತ್ರೆಯೂ ಪರೀಕ್ಷೆಯೂ ಉಚಿತ. ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧ ಸೇರಿದ, ದಿನಕ್ಕೊಂದೇ ಸಾಕಾಗುವ ಮಾತ್ರೆ ಸರ್ಕಾರಿ ಕೇಂದ್ರದಲ್ಲೂ ಸಿಗುತ್ತದೆ. 2004ರಲ್ಲಿ ಆರಂಭವಾದ ಈ ಉಚಿತ ಚಿಕಿತ್ಸೆಯ ಹಿಂದೆ ಸೋಂಕಿತರ ಹೋರಾಟವಿದೆ. 2022ರಲ್ಲಿ ಮಾತ್ರೆಗಳ ಕೊರತೆಯಾದಾಗ ದೆಹಲಿಯಲ್ಲಿ ವಾರಗಟ್ಟಲೆ ಧರಣಿ ಕುಳಿತವರೂ ಅವರೇ. ಗುಟ್ಟಿನ ಚಿಂತೆಯೇ? 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಆಸ್ಪತ್ರೆಯವರು ಸಾಮಾನ್ಯವಾಗಿ ನಿಮ್ಮ ಸೋಂಕಿನ ವಿಷಯ ಬಯಲು ಮಾಡುವಂತಿಲ್ಲ. ನನ್ನ ಮತ ಜಿಲ್ಲಾಸ್ಪತ್ರೆಗೆ. ಸೋಂಕಿಲ್ಲದವರಿಗೆ ಸೋಂಕು ತಗುಲದಂತೆ ತಡೆಯುವ ಪ್ರೆಪ್ ಮಾತ್ರೆಗೆ ಮಾತ್ರ ಬಹುಮಟ್ಟಿಗೆ ಖಾಸಗಿಯೇ ಗತಿ, ಅದೂ ಉಚಿತವಾಗಲೇಬೇಕು. ವಿಚಾರಿಸಲು ಶುಲ್ಕರಹಿತ ಸಹಾಯವಾಣಿ 1097.