ಮೊದಲ ಗೆರೆಗೇ ಕೈ ತಡೆಯುವವರಿಗೆ ಈ ಸ್ಟ್ರಿಂಗ್ ಕಾರ್ಡ್‌ಗಳು

ಜೆಂಟ್ಯಾಂಗಲ್, ಅಂದರೆ ಸಣ್ಣ ಕಾಗದದ ಮೇಲೆ ಸರಳ ಗೆರೆಗಳನ್ನು ಮತ್ತೆ ಮತ್ತೆ ಎಳೆದು ವಿನ್ಯಾಸ ತುಂಬುವ ಕಲೆ, ಬಿಡಿಸುವವರಿಗೆ ಗೊತ್ತು, ಪೆನ್ ಹಿಡಿದ ಮೇಲೆ ಎಲ್ಲ ಸಲೀಸು. ಕಷ್ಟ ಇರುವುದು ಅದಕ್ಕೂ ಮುಂಚೆ, ಪೆನ್ಸಿಲಿನಲ್ಲಿ ಎಳೆಯುವ ಆ ಒಂದು ಗೆರೆಯಲ್ಲಿ. ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ, ಅವನ್ನು ಸೇರಿಸಿ ಒಂದು ಚೌಕಟ್ಟು, ಅಲ್ಲಿಯವರೆಗೆ ಸರಿ. ಒಳಗೆ ಸ್ಟ್ರಿಂಗ್, ಅಂದರೆ ಜಾಗವನ್ನು ಖಾನೆಗಳಾಗಿ ಒಡೆಯುವ ಗೆರೆ, ಎಳೆಯಬೇಕು ಅನ್ನುವಾಗ ನನ್ನ ಕೈ ತಿಂಗಳುಗಟ್ಟಲೆ ಒಂದೇ ದಾರಿ ಹಿಡಿದಿತ್ತು: ಒಂದು ಝಡ್, ಇಲ್ಲವೇ ಒಂದು ಸುರುಳಿ. ಗೆರೆ ಅದೇ ಆದರೆ ಖಾನೆಗಳೂ ಅವೇ, ಆಮೇಲೆ ತುಂಬುವ ವಿನ್ಯಾಸವೂ ಅದೇ ಆಗುತ್ತದೆ, ಅಲ್ವಾ? ಹಾಗಾಗಿ ಸ್ಟ್ರಿಂಗ್‌ಗಳನ್ನು ಅಚ್ಚು ಹಾಕಿದ 40 ಕಾರ್ಡ್‌ಗಳ ಕಟ್ಟೊಂದನ್ನು ತರಿಸಿಕೊಂಡೆ. ಎರಡು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಅಳತೆ ತುಂಬಾ ಇಷ್ಟ ಆಯಿತು. ಮೂರೂವರೆ ಇಂಚಿನ ಚೌಕ, ಅಂದರೆ ಈ ಕಲೆಯನ್ನು ಹುಟ್ಟುಹಾಕಿದ ರಿಕ್ ರಾಬರ್ಟ್ಸ್ ಮತ್ತು ಮರಿಯಾ ಥಾಮಸ್ ಅವರ ಮೂಲ ಪದ್ಧತಿಯ ಟೈಲ್ ಎನ್ನುವ ಕಾಗದದ ತುಂಡಿನದೇ ಅಳತೆ. ಪಕ್ಕದಲ್ಲಿಟ್ಟರೆ ಗೆರೆ ಎಲ್ಲಿ ಬಾಗಬೇಕು ಅನ್ನುವುದು ನೇರ ಕಾಣುತ್ತದೆ. ಚೌಕವಾದ್ದರಿಂದ ನಾಲ್ಕು ಕಡೆಗೂ ತಿರುಗಿಸಬಹುದು, ಒಂದೇ ಕಾರ್ಡ್ ನಾಲ್ಕು ಥರ ಕಾಣುತ್ತದೆ.

ಇದರಲ್ಲಿ ಅತ್ಯುತ್ತಮ ಕಾರ್ಡ್‌ಗಳು ನೋಡಲು ಏನೂ ಅಲ್ಲ. ಒಂದೇ ಗೆರೆ ಸುತ್ತಿ ಬಂದು ತನ್ನನ್ನೇ ಎರಡು ಸಲ ದಾಟುತ್ತದೆ, ಅಷ್ಟೇ. ಆದರೆ ಖಾನೆಗಳು ಒಂದರಂತೆ ಒಂದಿಲ್ಲ: ಒಂದು ದೊಡ್ಡದು, ಎರಡು ಸಾಧಾರಣ, ಮೂಲೆಯಲ್ಲಿ ಒಂದು ಸಣ್ಣ ಸೀಳು. ದೊಡ್ಡದರಲ್ಲಿ ಹಾಲಿಬಾ ಅನ್ನುವ ವಿನ್ಯಾಸದ ಪಟ್ಟಿಗಳು ಒಂದರ ಹಿಂದೆ ಒಂದು ಹಾಯಾಗಿ ಹಾದು ಹೋಗುತ್ತವೆ, ಕ್ರೆಸೆಂಟ್ ಮೂನ್ ಅಂಚಿನಿಂದಲೇ ಶುರುವಾಗುವುದರಿಂದ ಬಾಗಿದ ಖಾನೆಯಲ್ಲಿ ಚೆನ್ನಾಗಿ ಕೂರುತ್ತದೆ, ಆ ಸೀಳಿಗೆ ಟಿಪಲ್‌ನ ಗುಂಡು ಗುಂಡು ಸಾಕು. ಯಾವುದನ್ನು ಎಲ್ಲಿ ತುಂಬಲಿ ಅಂತ ಕೂತು ಯೋಚಿಸಬೇಕಾಗಿಲ್ಲ, ಖಾನೆಯೇ ಹೇಳುತ್ತದೆ.

ಎಲೆ, ಹಕ್ಕಿ, ಹೃದಯದ ಆಕಾರದ ಕಾರ್ಡ್‌ಗಳನ್ನು ಮಾತ್ರ ನಾನು ಎತ್ತಿಟ್ಟಿದ್ದೇನೆ. ಹಕ್ಕಿ ಬಂದ ಕೂಡಲೇ ಅದು ಹಕ್ಕಿಯಂತೆ ಕಾಣಬೇಕು ಅನ್ನುವ ಚಿಂತೆ ಶುರು. ಟೈಲ್‌ಗೆ ಮೇಲೆ ಕೆಳಗೆ ಅಂತ ಇಲ್ಲ, ತಪ್ಪು ಅಂತಲೂ ಇಲ್ಲ, ಅದಕ್ಕೇ ಮನಸ್ಸು ಹಗುರಾಗುವುದು. ಚಿತ್ರ ಬಂದರೆ ಎರಡೂ ಹೋಯಿತು.

ಇನ್ನೊಂದು ದೂರು: ಗೆರೆಗಳನ್ನು ದಪ್ಪ ಕಪ್ಪಿನಲ್ಲಿ ಅಚ್ಚು ಹಾಕಿದ್ದಾರೆ. ಹೊಸಬರು ಅದನ್ನು ನೋಡಿ ಪೆನ್ಸಿಲನ್ನು ಒತ್ತಿ ಎಳೆಯುತ್ತಾರೆ, ನಾನೂ ಹಾಗೇ ಮಾಡಿದೆ. ಸ್ಟ್ರಿಂಗ್ ತೆಳ್ಳಗಿರಬೇಕು, ಕೊನೆಗೆ ವಿನ್ಯಾಸದಲ್ಲೂ ನೆರಳಿನಲ್ಲೂ ಕರಗಿ ಹೋಗಬೇಕು, ರಬ್ಬರ್ ಬಳಸುವ ಮಾತೇ ಇಲ್ಲ. ಜೊತೆಗೆ ಬಂದ ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಖಾನೆಯೊಂದನ್ನು ಖಾಲಿ ಬಿಡಬಹುದು, ಗೆರೆ ದಾಟಿಯೂ ತುಂಬಬಹುದು ಅನ್ನುವುದನ್ನೂ ಹೇಳಿಲ್ಲ.

ಪ್ರತಿ ದಿನ ನೋಡಿ ನಕಲು ಮಾಡಿದರೆ ಎರಡೇ ವಾರಕ್ಕೆ ಬೇಜಾರಾಗುತ್ತದೆ. ನಾನೀಗ ಒಂದು ಕಾರ್ಡ್ ತೆಗೆದು ಎರಡು ಉಸಿರಿನಷ್ಟು ಹೊತ್ತು ನೋಡಿ, ಮಗುಚಿಟ್ಟು, ನೆನಪಿನಿಂದ ಎಳೆಯುತ್ತೇನೆ. ಎಲ್ಲಿ ನೆನಪು ತಪ್ಪುತ್ತದೋ ಅಲ್ಲಿ ನನ್ನದೇ ತಿರುವು ಬರುತ್ತದೆ.

5ರಲ್ಲಿ 3 ಸ್ಟಾರ್. ಹೊಸದಾಗಿ ಶುರು ಮಾಡಿದವರು, ಒಂದೇ ಗೆರೆಯಲ್ಲಿ ಸಿಕ್ಕಿಕೊಂಡವರು ಧೈರ್ಯವಾಗಿ ಕೊಳ್ಳಿ. ಅದಕ್ಕೂ ಮೊದಲು ಒಂದು ಗೇಣು ದಾರವನ್ನು ಟೈಲ್ ಮೇಲೆ ಸುಮ್ನೆ ಬೀಳಿಸಿ, ಅದು ಬಿದ್ದ ಹಾಗೇ ಪೆನ್ಸಿಲಿನಲ್ಲಿ ಗುರುತು ಹಾಕಿ ನೋಡಿ. ಅದು ಕೈಗೆ ಹಿಡಿಸಿದರೆ ಕಾರ್ಡ್ ಬೇಕಾಗದೆಯೂ ಇರಬಹುದು.