ಆಫೀಸಿಗೆ ಕಡಿಮೆ ಬೆಲೆಯ ಸೈಕಲ್: ಫ್ರೇಮಿಗೆ ಪೂರ್ತಿ ಅಂಕ, ಹಿಂದಿನ ಚಕ್ರಕ್ಕೆ ಸೊನ್ನೆ

ಎರಡು ವರ್ಷಕ್ಕೂ ಮೇಲೆ ಇದೇ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ಫ್ರೇಮ್ ಗಟ್ಟಿ, ಮಡ್‌ಗಾರ್ಡ್ ಬಂಗಾರ, ಕ್ಯಾರಿಯರ್ ಬಗ್ಗೆ ದೂರೇ ಇಲ್ಲ. ಆದರೆ ಕಾರ್ಖಾನೆಯಿಂದ ಬಂದ ಹಿಂದಿನ ಚಕ್ರ ಇದೆಯಲ್ಲ, ಅದು ಕೊಟ್ಟಷ್ಟು ಕಾಟ ಇನ್ಯಾವುದೂ ಕೊಟ್ಟಿಲ್ಲ. ಕಡಿಮೆ ಬೆಲೆಯ ಸೈಕಲ್ ನೋಡುವಾಗ ಎಲ್ಲರೂ ಗೇರ್ ಎಷ್ಟು, ಸಸ್ಪೆನ್ಷನ್ ಇದೆಯಾ, ಡಿಸ್ಕ್ ಬ್ರೇಕ್ ಇದೆಯಾ ಅಂತ ಕೇಳುತ್ತಾರೆ. ಹಿಂದಿನ ಚಕ್ರ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಈ ವಿಮರ್ಶೆ ಬರೆಯುತ್ತಿರುವುದೇ ಅದಕ್ಕೆ.

ಸ್ಪೆಸಿಫಿಕೇಶನ್ ನೀವು ಈಗಾಗಲೇ ನೋಡಿರುತ್ತೀರಿ, ಇಂಥ ಸೈಕಲ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ. ಸ್ಟೀಲ್ ಫ್ರೇಮ್, ಸಸ್ಪೆನ್ಷನ್ ಇಲ್ಲದ ಮುಂದಿನ ಫೋರ್ಕ್, ಹಿಂದೆ 7 ಗೇರ್, ರಿಮ್ ಹಿಡಿಯುವ ಬ್ರೇಕ್, 38 ಎಂಎಂ ಟೈರ್. ನನ್ನ ಬಜೆಟ್ಟಿಗೆ ಇನ್ನೊಂದು ಆಯ್ಕೆಯೂ ಇತ್ತು: ದಪ್ಪ ಟೈರು, ಮುಂದೆ ಸಸ್ಪೆನ್ಷನ್, ಡಿಸ್ಕ್ ಬ್ರೇಕ್, ನೋಡಲು ಬಲು ಜೋರು. ಅದನ್ನು ಬಿಟ್ಟು ಇದನ್ನು ತೆಗೆದುಕೊಂಡೆ, ಇವತ್ತಿಗೂ ಅದು ಸರಿಯಾದ ಆಯ್ಕೆ ಅಂತಲೇ ಹೇಳುತ್ತೇನೆ. ಬೆಲೆ ಅಷ್ಟೇ ಇದ್ದು ಸಾಮಾನು ಜಾಸ್ತಿ ಕೊಡುತ್ತಾರೆ ಅಂದರೆ ಪ್ರತಿ ಸಾಮಾನಿಗೂ ಖರ್ಚು ಮಾಡುವ ದುಡ್ಡು ಕಡಿಮೆಯಾಗಿದೆ ಅಂತಲೇ ಅರ್ಥ ಅಲ್ವಾ? ಅಗ್ಗದ ಸಸ್ಪೆನ್ಷನ್ ಫೋರ್ಕ್ ಒಂದೇ 2 ಕಿಲೋ ದಾಟುತ್ತದೆ. ಏರು ಹತ್ತುವಾಗ ನಾವು ತುಳಿದ ಶಕ್ತಿಯಲ್ಲಿ ಒಂದಿಷ್ಟನ್ನು ಅದು ಕುಣಿದೇ ಕಳೆಯುತ್ತದೆ, ಆಮೇಲೆ ನೀರು ಹೊಕ್ಕು ತುಕ್ಕು ಹಿಡಿದು ಕುಣಿಯುವುದನ್ನೂ ನಿಲ್ಲಿಸುತ್ತದೆ. ಡಾಂಬರು ರಸ್ತೆಯಲ್ಲಿ ಆಫೀಸಿಗೆ ಹೋಗುವವರಿಗೆ 38 ಎಂಎಂ ಟೈರಿನಲ್ಲಿ ಹದವಾಗಿ ಗಾಳಿ ಇದ್ದರೆ ಅದೇ ಸಸ್ಪೆನ್ಷನ್.

ಮೊದಲ ಕೆಲವು ತಿಂಗಳು ತುಂಬ ಚೆನ್ನಾಗಿತ್ತು. ಬೆಳಿಗ್ಗೆ ಹೊರಡುವ ಮುಂಚೆ ಎರಡೂ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡುವುದು, ಬ್ರೇಕ್ ಒಂದೊಂದು ಸಲ ಹಿಡಿಯುವುದು, ಲ್ಯಾಪ್‌ಟಾಪ್ ಚೀಲವನ್ನು ಕ್ಯಾರಿಯರ್ ಪಕ್ಕಕ್ಕೆ ತಗುಲಿಸುವುದು, ಅದರ ಕೊಕ್ಕೆ ಸರಿಯಾಗಿ ಕೂತಿದೆಯಾ ಅಂತ ಒಮ್ಮೆ ಎತ್ತಿ ನೋಡುವುದು. ಇಷ್ಟು ಮಾಡುವಷ್ಟರಲ್ಲಿ ನಿದ್ದೆಯ ಮಂಪರು ಪೂರ್ತಿ ಇಳಿದಿರುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡು ಸೈಕಲ್ ತುಳಿದವರಿಗೆ ಗೊತ್ತು, ಆಫೀಸ್ ಮುಟ್ಟುವ ಹೊತ್ತಿಗೆ ಅಂಗಿಯ ಬೆನ್ನು ಪೂರ್ತಿ ಒದ್ದೆ. ಕ್ಯಾರಿಯರ್ ಇದ್ದರೆ ಆ ಕಷ್ಟ ಇಲ್ಲ. ಕ್ಯಾರಿಯರ್ ಮೇಲೆ 25 ಕಿಲೋ ತನಕ ಅಂತ ಅಚ್ಚು ಹಾಕಿದ್ದಾರೆ, ನಾನು ಅದರ ಅರ್ಧವನ್ನೂ ಹೇರುವುದಿಲ್ಲ.

ಆಮೇಲೆ ಒಂದು ದಿನ ಸಂಜೆ ವಾಪಸ್ ಬರುವಾಗ ಹಿಂದಿನಿಂದ ಟಣ್ ಅಂತ ಸದ್ದು. ಕಲ್ಲು ಸಿಡಿದಿರಬೇಕು ಅನಿಸುವಂಥ ಸದ್ದು. ಸ್ವಲ್ಪ ದೂರ ಹೋದ ಮೇಲೆ ಬ್ರೇಕ್ ರಬ್ಬರ್ ಪ್ರತಿ ಸುತ್ತಿಗೂ ರಿಮ್ಮಿಗೆ ಉಜ್ಜಲು ಶುರುವಾಯಿತು. ಇಳಿದು ನೋಡಿದರೆ ಹಿಂದಿನ ಚಕ್ರದ ಬಲಗಡೆ ಒಂದು ಕಡ್ಡಿ ಮುರಿದಿದೆ, ಚಕ್ರ ಬೆಂಡಾಗಿದೆ. ಹಿಂದಿನ ಬ್ರೇಕ್ ಬಿಚ್ಚಿ, ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ, ಮುಂದಿನ ಬ್ರೇಕ್ ಒಂದನ್ನೇ ನಂಬಿಕೊಂಡು ನಿಧಾನಕ್ಕೆ ಮನೆಗೆ ಬಂದೆ.

ಒಂದು ಕಡ್ಡಿ ಮುರಿಯುವುದು ದೊಡ್ಡ ವಿಷಯವಲ್ಲ, ಹಾಕಿಸಿದರೆ ಆಯಿತು. ಹಾಕಿಸಿದೆ. ಸ್ವಲ್ಪ ದಿನಕ್ಕೆ ಇನ್ನೊಂದು ಮುರಿಯಿತು. ಅದನ್ನೂ ಹಾಕಿಸಿದ ಮೇಲೆ ಮತ್ತೊಂದು. ಮೇಲಿಂದ ಮೇಲೆ ಇದೇ ಕಥೆ, ಪ್ರತಿ ಸಲ ಬಲಗಡೆಯೇ, ಪ್ರತಿ ಸಲ ಹಬ್ಬಿನ, ಅಂದರೆ ಕಡ್ಡಿಗಳೆಲ್ಲ ಸೇರುವ ಚಕ್ರದ ನಡುಭಾಗದ, ತೂತಿನ ಹತ್ತಿರ ಕಡ್ಡಿ ಬಾಗುವ ಜಾಗದಲ್ಲೇ. ಮುಂದಿನ ಚಕ್ರದಲ್ಲಿ ಒಂದೂ ಮುರಿದಿಲ್ಲ, ಇವತ್ತಿನವರೆಗೂ. ಇನ್ನೊಂದು ತಾಪತ್ರಯ ಏನೆಂದರೆ ಬಲಗಡೆ ಕಡ್ಡಿ ಹಾಕಬೇಕಾದರೆ ಫ್ರೀವೀಲ್, ಅಂದರೆ ಹಿಂದಿನ ಗೇರಿನ ಹಲ್ಲಿನ ಚಕ್ರಗಳ ಗೊಂಚಲು, ಬಿಚ್ಚಲೇಬೇಕು, ಆ ಹಲ್ಲಿನ ಚಕ್ರಗಳು ಹಬ್ಬಿನ ತೂತುಗಳನ್ನು ಮುಚ್ಚಿಕೊಂಡು ಕೂತಿರುತ್ತವೆ. ದಿನಾ ತುಳಿದು ತುಳಿದು ಆ ಫ್ರೀವೀಲ್ ಹಬ್ಬಿನ ಥ್ರೆಡ್ಡಿಗೆ ಕಚ್ಚಿಕೊಂಡಿರುತ್ತದೆ. ಅದಕ್ಕೆ ಅಂತಲೇ ಇರುವ ಟೂಲ್, ಉದ್ದನೆಯ ಸ್ಪ್ಯಾನರ್, ಒಳ್ಳೆ ತೋಳ್ಬಲ ಎಲ್ಲವೂ ಬೇಕು. ರಸ್ತೆ ಬದಿಯಲ್ಲಿ ನಿಂತು ಮಾಡುವ ಕೆಲಸ ಅಲ್ಲ. ಅಂದರೆ ಕಡ್ಡಿ ಮುರಿದ ದಿನ ಸೈಕಲ್ ಅಂಗಡಿಯಲ್ಲಿ, ನಾನು ಬಸ್ಸಿನಲ್ಲಿ.

ಮಾರಿದವರನ್ನು ಕೇಳಿದರೆ ಕಡ್ಡಿ ಸವೆಯುವ ಭಾಗ, ವಾರಂಟಿಗೆ ಬರುವುದಿಲ್ಲ ಅಂದರು. ನಿಜವಾಗಿ ಸಿಟ್ಟು ಬಂದದ್ದು ಆಗ. ಟೈರು ಸವೆಯುತ್ತದೆ, ಬ್ರೇಕ್ ರಬ್ಬರ್ ಸವೆಯುತ್ತದೆ, ಚೈನ್ ಸವೆಯುತ್ತದೆ, ಒಪ್ಪುತ್ತೇನೆ. ಸರಿಯಾಗಿ ಕಟ್ಟಿದ ಚಕ್ರದಲ್ಲಿ ಕಡ್ಡಿ ವರ್ಷಗಟ್ಟಲೆ ಬಾಳುತ್ತದೆ, ರಿಮ್ ಸವೆದು ಬಿಸಾಡುವ ತನಕ ಬಾಳುವುದೂ ಉಂಟು. ಕೆಲವೇ ತಿಂಗಳಲ್ಲಿ ಸಾಲಾಗಿ ಮುರಿದರೆ ಅದು ಸವೆತ ಅಲ್ಲ, ಕಟ್ಟಿದ್ದರಲ್ಲೇ ದೋಷ.

ಅದು ಯಾಕೆ ಮುರಿಯುತ್ತದೆ ಅಂತ ಒಬ್ಬ ಹಳೆ ಮೆಕ್ಯಾನಿಕ್ ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ ತೋರಿಸಿದರು. ಹಿಂದೆ 7 ಗೇರ್ ಕೂರಬೇಕಾದರೆ ಬಲಗಡೆ ಜಾಗ ಬೇಕು, ಹಾಗಾಗಿ ಹಬ್ಬಿನ ಬಲಗಡೆ ಕಡ್ಡಿ ಸಿಕ್ಕಿಸುವ ಬಿಲ್ಲೆ ಚಕ್ರದ ನಡುಗೆರೆಗೆ ಹತ್ತಿರ ಬರುತ್ತದೆ. ರಿಮ್ ಮಾತ್ರ ಫ್ರೇಮಿನ ಮಧ್ಯಕ್ಕೇ ಇರಬೇಕಲ್ಲ? ಅದಕ್ಕೆ ಬಲಗಡೆ ಕಡ್ಡಿ ಜಾಸ್ತಿ ಬಿಗಿ, ಎಡಗಡೆ ಕಡ್ಡಿ ಸಡಿಲ. ಸವಾರನ ಭಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಂದಿನ ಚಕ್ರದ ಮೇಲೆ, ಚೀಲದ ಭಾರ ಹೆಚ್ಚುಕಡಿಮೆ ಪೂರ್ತಿ ಅದರ ಮೇಲೆ, ಪೆಡಲ್ ತುಳಿದ ಎಳೆತವೂ ಅದಕ್ಕೇ. ಚಕ್ರ ಉರುಳುವಾಗ ನೆಲದ ಕಡೆ ಬರುವ ಕಡ್ಡಿಗಳ ಬಿಗಿ ಒಂದು ಕ್ಷಣ ಇಳಿಯುತ್ತದೆ, ಮೇಲೆ ಹೋದಾಗ ಮತ್ತೆ ಏರುತ್ತದೆ. ಕಟ್ಟುವಾಗಲೇ ಸಾಕಷ್ಟು ಬಿಗಿ ಕೊಟ್ಟಿದ್ದರೆ ಈ ಏರಿಳಿತದಿಂದ ಏನೂ ಆಗುವುದಿಲ್ಲ. ಬಿಗಿ ಕಡಿಮೆ ಇದ್ದರೆ, ಒಂದಕ್ಕೊಂದು ಹೊಂದದಿದ್ದರೆ, ಕಡ್ಡಿ ಪೂರ್ತಿ ಸಡಿಲವಾಗಿ ಬಾಗಿನ ಜಾಗದಲ್ಲಿ ಅಲುಗಾಡುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಅದೇ ಕೆಲಸ ಇಲ್ಲಿ ತಾನಾಗಿ ನಡೆಯುತ್ತದೆ. 38 ಎಂಎಂ ಟೈರ್ ಹಾಕಿದ ನನ್ನ ಸೈಕಲ್ಲಿನ 700ಸಿ ಅಳತೆಯ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಒಂದು ಕಿಲೋಮೀಟರಿಗೆ 450ಕ್ಕೂ ಜಾಸ್ತಿ ಸುತ್ತು. ಹೋಗಿ ಬರಲು 14 ಕಿಲೋಮೀಟರ್ ಅಂದರೆ ದಿನಕ್ಕೆ 6,000ಕ್ಕೂ ಹೆಚ್ಚು ಸಲ ಪ್ರತಿ ಕಡ್ಡಿಯೂ ಸಡಿಲ, ಬಿಗಿ, ಸಡಿಲ, ಬಿಗಿ. ಲೆಕ್ಕ ಹಾಕಿದರೆ ಅದು ಅಷ್ಟು ದಿನ ತಡೆದದ್ದೇ ದೊಡ್ಡದು ಅನಿಸುತ್ತದೆ.

ಮುರಿದ ಒಂದೊಂದನ್ನೇ ಬದಲಾಯಿಸಿದರೆ ಯಾಕೆ ನಿಲ್ಲಲಿಲ್ಲ ಅನ್ನುವುದೂ ಇದರಲ್ಲೇ ಇದೆ. ಉಳಿದ ಕಡ್ಡಿಗಳೂ ಅಷ್ಟೇ ದಿನ ಅಷ್ಟೇ ಅಲುಗಾಡಿವೆ, ಒಳಗೊಳಗೇ ಬಿರುಕು ಬಿಟ್ಟು ಸರದಿಗೆ ಕಾಯುತ್ತಿರುತ್ತವೆ. ಸಾಲಾಗಿ ಎರಡು ಮೂರು ಮುರಿದವು ಅಂದರೆ ಬಿಡಿ ಕಡ್ಡಿಗೆ ದುಡ್ಡು ಹಾಕಬೇಡಿ. ಎಲ್ಲಾ ಬದಲಾಯಿಸಿ, ಚಕ್ರ ಹೊಸದಾಗಿ ಕಟ್ಟಿಸಿ.

ನಾನು ಮಾಡಿಸಿದ್ದು ಅದನ್ನೇ. ಹಬ್ ಅದೇ, ರಿಮ್ ಅದೇ, ಕಡ್ಡಿ ಮತ್ತು ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು) ಪೂರ್ತಿ ಹೊಸದು, ಕಡ್ಡಿ 2 ಎಂಎಂ ಸ್ಟೇನ್‌ಲೆಸ್. ಅದೇ ಮೆಕ್ಯಾನಿಕ್ ಕಟ್ಟಿದರು. ಅವರು ಕೆಲಸ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಬಿಗಿ ಕೊಡುವುದು, ತಿರುಗಿಸುವುದು, ಬೆಂಡ್ ತೆಗೆಯುವುದು, ಮತ್ತೆ ಬಿಗಿ. ಮಧ್ಯೆ ಮಧ್ಯೆ ಜೋಡಿ ಕಡ್ಡಿಗಳನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಅದುಮುತ್ತಿದ್ದರು. ಹಾಗೆ ಮಾಡಿದರೆ ಬಾಗಿನ ಜಾಗ ಹಬ್ಬಿಗೆ ಸರಿಯಾಗಿ ಕೂರುತ್ತದಂತೆ, ಕಡ್ಡಿಯೊಳಗೆ ಉಳಿದ ಒತ್ತಡವೂ ಇಳಿಯುತ್ತದಂತೆ. ಕಾರ್ಖಾನೆಯ ಅಗ್ಗದ ಚಕ್ರಗಳಿಗೆ ಈ ಕೊನೆಯ ಹದವನ್ನು ಕೊಡಲು ಯಾರಿಗೂ ಪುರಸೊತ್ತಿಲ್ಲ. ಖರ್ಚು ಸೈಕಲ್ ಬೆಲೆಯ ಒಂದು ಸಣ್ಣ ಪಾಲು, ಆದರೂ ಹೊಸ ಸೈಕಲ್ಲಿಗೆ ಯಾಕೆ ಕೊಡಬೇಕು ಅನ್ನುವ ಬೇಜಾರು ಇದ್ದೇ ಇತ್ತು.

ಆ ಬೇಜಾರು ಈಗ ಇಲ್ಲ. ಚಕ್ರ ಕಟ್ಟಿಸಿ ವರ್ಷ ದಾಟಿದೆ, ಒಂದು ಕಡ್ಡಿಯೂ ಮುರಿದಿಲ್ಲ, ಬೆಂಡ್ ತೆಗೆಸುವ ಕೆಲಸವೇ ಬಂದಿಲ್ಲ. ಅಷ್ಟೇ ಅಲ್ಲ, ಸೈಕಲ್ಲೇ ಬೇರೆ ಆದಂತಿದೆ. ಮುಂಚೆ ಏರಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನಿಂದ ಕಿರಕ್ ಕಿರಕ್ ಅನ್ನುತ್ತಿತ್ತು. ಅದು ಫ್ರೀವೀಲ್ ಸದ್ದು ಅಂದುಕೊಳ್ಳುವವರೇ ಜಾಸ್ತಿ, ಆದರೆ ಅದು ಸಡಿಲ ಕಡ್ಡಿಗಳು ಒಂದಕ್ಕೊಂದು ಉಜ್ಜುವ ಸದ್ದು. ಈಗ ನಿಶ್ಶಬ್ದ. ರಿಮ್ ಅಲುಗಾಡದೆ ನೆಟ್ಟಗೆ ತಿರುಗುವುದರಿಂದ ಬ್ರೇಕ್ ರಬ್ಬರನ್ನು ಹತ್ತಿರಕ್ಕೆ ಇಡಬಹುದು, ಬ್ರೇಕ್ ಮುಟ್ಟಿದ ಕೂಡಲೇ ಹಿಡಿಯುತ್ತದೆ.

ನನ್ನ ರಜೆ ದಿನದ ಒಂದು ಅಭ್ಯಾಸ ಇದರಿಂದಲೇ ಶುರುವಾಯಿತು. ಸೈಕಲ್ ಒರೆಸಿದ ಮೇಲೆ ಹಿಂದಿನ ಚಕ್ರದ ಕಡ್ಡಿಗಳನ್ನು ಬೆರಳಲ್ಲಿ ಒಂದೊಂದಾಗಿ ಮೀಟುತ್ತಾ ಹೋಗುತ್ತೇನೆ. ಬಲಗಡೆಯವು ಮೇಲಿನ ದನಿಯಲ್ಲಿ, ಎಡಗಡೆಯವು ಕೆಳಗಿನ ದನಿಯಲ್ಲಿ. ಒಂದು ಕಡೆಯವೆಲ್ಲ ಒಂದೇ ದನಿ ಕೊಟ್ಟರೆ ಚಕ್ರ ಆರೋಗ್ಯವಾಗಿದೆ. ಒಂದು ಮಾತ್ರ ಮಂಕಾಗಿ ಟಪ್ ಅಂದರೆ ಅದು ಸಡಿಲ. ಎರಡು ನಿಮಿಷದ ಕೆಲಸ. ಪ್ರತಿ ಸಲ ಖುಷಿ ಕೊಡುತ್ತದೆ.

ಇದನ್ನೇ ಅಂಗಡಿಯಲ್ಲೂ ಮಾಡಿ, ದುಡ್ಡು ಕೊಡುವ ಮುಂಚೆ. ಹಿಂದಿನ ಚಕ್ರ ಎತ್ತಿ ತಿರುಗಿಸಿ, ರಿಮ್ಮಿಗೂ ಬ್ರೇಕ್ ರಬ್ಬರಿಗೂ ಮಧ್ಯೆ ಇರುವ ಸಂದು ಹಿಗ್ಗಿ ಕುಗ್ಗುತ್ತದಾ ನೋಡಿ. ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಅದುಮಿ, ಮೀಟಿ ನೋಡಿ. ಕಡ್ಡಿ ಎಣಿಸಿ: ಭಾರ ಹೇರಿ ದಿನಾ ಓಡಿಸುವುದಾದರೆ ಹಿಂದೆ 36 ಇರುವುದು 32ಕ್ಕಿಂತ ಒಳ್ಳೆಯದು. ಗೇರ್ ನಿಮಗೆ ನಿಜವಾಗಿ ಬೇಕಾ ಅಂತಲೂ ಯೋಚಿಸಿ. ದಾರಿ ಸಮತಟ್ಟಾಗಿದ್ದರೆ ಒಂದೇ ಗೇರಿನ ಸೈಕಲ್ ಸಾಕು, ಅದರಲ್ಲಿ ಬಲ ಎಡ ಕಡ್ಡಿಗಳ ಬಿಗಿ ಹೆಚ್ಚುಕಡಿಮೆ ಸಮ, ಹಾಗಾಗಿ ಚಕ್ರವೇ ಗಟ್ಟಿ. ಹಬ್ಬಿನ ಒಳಗೇ 3 ಗೇರ್ ಇರುವ ಸೈಕಲ್ ಬಜೆಟ್ಟಿಗೆ ಸಿಕ್ಕರೆ ಅದೂ ಇದೇ ತರಹ. ನನ್ನ ದಾರಿಯಲ್ಲಿ ಎರಡು ಏರು ಇವೆ, ಮಂಡಿಗೆ ಗೇರ್ ಬೇಕು, ಅದಕ್ಕೆ ಇದು.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಮಡ್‌ಗಾರ್ಡ್ ಉದ್ದದ್ದು, ಚಕ್ರವನ್ನು ಪೂರ್ತಿ ತಬ್ಬಿಕೊಂಡಿದೆ. ಮಳೆ ನಿಂತ ಮೇಲೂ ರಸ್ತೆ ಒದ್ದೆ ಇರುತ್ತದಲ್ಲ, ಆಗ ಇದರ ಬೆಲೆ ಗೊತ್ತಾಗುತ್ತದೆ. ಮಡ್‌ಗಾರ್ಡ್ ಇಲ್ಲದ ಸೈಕಲ್ ಆಫೀಸಿಗೆ ತೆಗೆದುಕೊಳ್ಳಲೇಬೇಡಿ, ಕೊನೇಪಕ್ಷ ಹಾಕಲು ಫ್ರೇಮಿನಲ್ಲಿ ತೂತು ಇದೆಯಾ ನೋಡಿ. ಬ್ರೇಕ್ ಅಲ್ಯೂಮಿನಿಯಂ ರಿಮ್ಮಿನ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಮಳೆಯಲ್ಲಿ ಒಂದು ಸುತ್ತು ತಡ. ಹೊಳೆಯುವ ಸ್ಟೀಲ್ ರಿಮ್ ಇರುವುದನ್ನು ಬಿಡಿ, ಒದ್ದೆಯಾದರೆ ಅದರ ಮೇಲೆ ರಬ್ಬರ್ ಜಾರುತ್ತದೆ. ಚೈನಿಗೆ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಬಟ್ಟೆಯಲ್ಲಿ ಹೊರಗಿನ ಎಣ್ಣೆ ಪೂರ್ತಿ ಒರೆಸಿದರೆ ಪ್ಯಾಂಟಿಗೆ ಕರೆ ಹತ್ತುವುದೂ ಕಡಿಮೆ, ಧೂಳು ಅಂಟುವುದೂ ಕಡಿಮೆ. ಚೈನ್ ಸವೆತ ನೋಡಲು ಮನೆಯ ಸ್ಕೇಲ್ ಸಾಕು. ಪಿನ್ನಿಂದ ಪಿನ್ನಿಗೆ 12 ಇಂಚು ಇರಬೇಕಾದ ಕಡೆ 1/16 ಇಂಚು ಜಾಸ್ತಿ ಬಂದರೆ ಚೈನ್ ಬದಲಾಯಿಸಿ. 1/8 ಇಂಚು ಆಗುವ ತನಕ ಬಿಟ್ಟರೆ ಫ್ರೀವೀಲ್ ಹಲ್ಲೂ ಸವೆದಿರುತ್ತದೆ, ಎರಡಕ್ಕೂ ದುಡ್ಡು. ಟೈರ್, ಟ್ಯೂಬ್ ತರುವಾಗ ಟೈರಿನ ಬದಿಯಲ್ಲಿ 38-622 ಅಂತ (ಟೈರಿನ ಅಗಲ ಮತ್ತು ಅದು ಕೂರುವ ರಿಮ್ಮಿನ ಅಡ್ಡಳತೆ, ಎಂಎಂ ಲೆಕ್ಕದಲ್ಲಿ) ಬರೆದಿರುವುದನ್ನು ನೋಡಿಕೊಂಡು ಹೋಗಿ. ಬರೀ ಇಂಚಿನ ಲೆಕ್ಕ ಹೇಳಿದರೆ ಬೇರೆ ಅಳತೆ ಕೊಟ್ಟುಬಿಡುತ್ತಾರೆ.

ಮತ್ತೆ ತೆಗೆದುಕೊಳ್ಳುತ್ತೀರಾ ಅಂದರೆ, ಹೌದು, ಇದನ್ನೇ. ಆದರೆ ಬಜೆಟ್ಟಿನಲ್ಲಿ ಚಕ್ರ ಕಟ್ಟಿಸುವಷ್ಟು ದುಡ್ಡು ಮೊದಲೇ ಎತ್ತಿಟ್ಟು, ಸೈಕಲ್ ಮನೆಗೆ ಬರುವ ಮುಂಚೆ ಒಳ್ಳೆ ಮೆಕ್ಯಾನಿಕ್ ಹತ್ತಿರ ಹಿಂದಿನ ಚಕ್ರದ ಬಿಗಿ ಸರಿ ಮಾಡಿಸುತ್ತೇನೆ. ಹೊಸ ಕಡ್ಡಿಗಳಿಗೆ ಮೊದಲ ದಿನದಿಂದಲೇ ಸರಿಯಾದ ಬಿಗಿ ಸಿಕ್ಕರೆ ಪೂರ್ತಿ ಬದಲಾಯಿಸುವ ಪ್ರಮೇಯವೇ ಬರಲಿಕ್ಕಿಲ್ಲ. ಈಗ ಬಾಕಿ ಇರುವುದು ಪೆಡಲ್ ಮಾತ್ರ. ಜೊತೆಗೆ ಬಂದ ಪ್ಲಾಸ್ಟಿಕ್ ಪೆಡಲ್ ಮಳೆಯಲ್ಲಿ ಜಾರುತ್ತದೆ, ಲೋಹದ್ದು ಹಾಕಬೇಕು. ನೀವೇ ಹಾಕುವುದಾದರೆ ನೆನಪಿರಲಿ, ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ. ಬಿಗಿ ಮಾಡಲು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿಗೆ ತಿರುಗಿಸಬೇಕು, ಮೊದಲ ಕೆಲವು ಸುತ್ತು ಬೆರಳಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರ್ ಹಾಕಿ.